ಕುಂದುರ್ಪಿಯಿಂದ ಅಮೆರಿಕದ ಕಾಲೇಜಿಗೆ: ಇಂಟರ್ ಮುಗಿಸುವ ಮಕ್ಕಳಿಗೂ ಮನೆಯವರಿಗೂ

ಅನಂತಪುರ ಸೀಮೆಯಲ್ಲಿ ಅಮೆರಿಕಕ್ಕೆ ಹೋಗುವುದೆಂದರೆ ಎಲ್ಲರಿಗೂ ಗೊತ್ತಿರುವುದು ಒಂದೇ ದಾರಿ. ಬಿ.ಟೆಕ್ ಮುಗಿಸಬೇಕು, ಹೈದರಾಬಾದಿನ ಅಮೀರ್‌ಪೇಟೆಯಲ್ಲಿ ಕೋಚಿಂಗ್ ಸೇರಬೇಕು, ಕನ್ಸಲ್ಟೆನ್ಸಿಯವರು ತೋರಿಸಿದ ಯೂನಿವರ್ಸಿಟಿಗೆ ಅರ್ಜಿ ಹಾಕಬೇಕು, ಹತ್ತಾರು ಲಕ್ಷ ಸಾಲ ಎತ್ತಿ ಎಂ.ಎಸ್. ಮಾಡಬೇಕು. ಕುಂದುರ್ಪಿ, ಕಲ್ಯಾಣದುರ್ಗ, ಮಡಕಶಿರಾ, ಹಿಂದೂಪುರದ ಕನ್ನಡ ಮನೆಗಳವರೂ ಇದನ್ನೇ ನೋಡಿದ್ದಾರೆ, ಇದನ್ನೇ ಕೇಳಿದ್ದಾರೆ. ಇಂಟರ್ ಅಥವಾ ಪಿಯುಸಿ ಆದ ಕೂಡಲೇ ನಾಲ್ಕು ವರ್ಷದ ಪದವಿಗೆ ನೇರವಾಗಿ ಹೋಗಬಹುದು, ಅದರ ಖರ್ಚನ್ನು ಕಾಲೇಜೇ ಹೊರುವುದೂ ಉಂಟು ಎಂದರೆ ನಂಬುವವರು ಕಡಿಮೆ. 2023-24ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3,31,602 ಮಂದಿ. ಅವರಲ್ಲಿ ಪದವಿ ತರಗತಿಯಲ್ಲಿದ್ದವರು ಸುಮಾರು 36 ಸಾವಿರ ಮಾತ್ರ. ಆ 36 ಸಾವಿರದಲ್ಲಿಯೂ ಹೆಚ್ಚಿನವರು ದೊಡ್ಡ ಊರುಗಳ ದುಬಾರಿ ಶಾಲೆಗಳಿಂದ ಹೋದವರು.

ಶೇಂಗಾ ಬೆಳೆಯನ್ನೇ ನಂಬಿರುವ ಮನೆಯ ಮಗುವಿಗೆ ಈ ಎರಡನೆಯ ದಾರಿ ಹೆಚ್ಚು ಕಷ್ಟದ್ದು, ಆದರೆ ಅದರಲ್ಲಿ ಮನೆಯನ್ನು ಅಡವಿಡಬೇಕಾಗಿಲ್ಲ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಕಾಲೇಜನ್ನು ಹೆಸರು ನೋಡಿ ಆರಿಸಬೇಡಿ, ಹಣದ ಲೆಕ್ಕ ನೋಡಿ ಆರಿಸಿ. ಮಿಕ್ಕ ಕೆಲಸವೆಲ್ಲ ಅದರ ಹಿಂದಿನಿಂದ ಬರುತ್ತದೆ.

ಲೆಕ್ಕ ಹೀಗಿದೆ. ಹೆಸರಾಂತ ಖಾಸಗಿ ಕಾಲೇಜುಗಳಲ್ಲಿ ಫೀಸು, ಹಾಸ್ಟೆಲು, ಊಟ ಎಲ್ಲ ಸೇರಿ ವರ್ಷಕ್ಕೆ 80 ಸಾವಿರ ಡಾಲರಿಗೂ ಮೇಲೆ ಆಗುತ್ತದೆ. ಈ ಅಂಕಿ ಕೇಳಿದ ಕೂಡಲೇ ನಮ್ಮವರು ಆ ಮಾತನ್ನೇ ಬಿಟ್ಟುಬಿಡುತ್ತಾರೆ. ಆದರೆ ಅದು ಪೂರ್ತಿ ಕೊಡಬಲ್ಲವರಿಗೆ ಹೇಳುವ ದರ. ಕೆಲವು ಕಾಲೇಜುಗಳು ಸೀಟು ಕೊಡುವಾಗ ವಿದೇಶಿ ವಿದ್ಯಾರ್ಥಿಯ ಮನೆಯಲ್ಲಿ ಹಣ ಇದೆಯೇ ಇಲ್ಲವೇ ಎಂದು ನೋಡುವುದೇ ಇಲ್ಲ. ಸೀಟು ಕೊಟ್ಟ ಮೇಲೆ ಮನೆಯವರ ಕೈಯಲ್ಲಿ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿ, ಉಳಿದದ್ದನ್ನು ತಾವೇ ತುಂಬುತ್ತವೆ. ಇವನ್ನು ನೀಡ್-ಬ್ಲೈಂಡ್ ಕಾಲೇಜುಗಳೆನ್ನುತ್ತಾರೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆ್ಯಮರ್ಸ್ಟ್, ಡಾರ್ಟ್‌ಮತ್, ಬೋಡನ್, ಬ್ರೌನ್, ನೋಟರ್ ಡೇಮ್, ವಾಷಿಂಗ್ಟನ್ ಆ್ಯಂಡ್ ಲೀ ಈ ಪಟ್ಟಿಯಲ್ಲಿವೆ. ವರ್ಷಕ್ಕೆ ಒಂದು ಲಕ್ಷ ಡಾಲರಿಗಿಂತ ಕಡಿಮೆ ಆದಾಯದ ಮನೆಯ ಮಕ್ಕಳಿಂದ ಏನನ್ನೂ ಪಡೆಯುವುದಿಲ್ಲ ಎಂದು ಹಾರ್ವರ್ಡ್ 2025ರಲ್ಲಿ ಪ್ರಕಟಿಸಿತು. ಕುಂದುರ್ಪಿ ಮಂಡಲದಲ್ಲಿ ಈ ಮಿತಿಯನ್ನು ದಾಟುವ ರೈತ ಸಿಕ್ಕಲಾರ. ಆದರೆ ಇಂಥ ಕಡೆ ನೂರು ಅರ್ಜಿಗೆ ನಾಲ್ಕೈದು ಮಂದಿಗೂ ಸೀಟು ಸಿಗುವುದು ಕಷ್ಟ. ಬರೀ ಇವನ್ನೇ ನಂಬಿ ಅರ್ಜಿ ಹಾಕಿದರೆ ಏಪ್ರಿಲ್‌ನಲ್ಲಿ ಬರಿಗೈ.

ಆದ್ದರಿಂದ ಇವುಗಳಲ್ಲಿ ಎರಡು ಮೂರನ್ನು ಇಟ್ಟುಕೊಂಡು, ಉಳಿದದ್ದನ್ನು ಅಷ್ಟಾಗಿ ಹೆಸರು ಕೇಳದ, ಆದರೆ ಕೈಯೆತ್ತಿ ಕೊಡುವ ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜುಗಳಲ್ಲಿ ಹುಡುಕಬೇಕು. ಅಲ್ಲಿ ನಿಮ್ಮ ಹಣದ ಸ್ಥಿತಿಯನ್ನು ನೋಡಿಯೇ ಸೀಟು ಕೊಡುತ್ತಾರೆ ನಿಜ. ಆದರೆ ತೆಗೆದುಕೊಂಡರೆ ಪೂರ್ತಿ ನೋಡಿಕೊಳ್ಳುವವು ಹಲವು. 2022ರಲ್ಲಿ ಬಿಹಾರದ ದಿನಗೂಲಿ ಕಾರ್ಮಿಕರೊಬ್ಬರ ಮಗನಿಗೆ ಪೆನ್ಸಿಲ್ವೇನಿಯಾದ ಲಾಫಯೆಟ್ ಕಾಲೇಜು ಪೂರ್ತಿ ವೆಚ್ಚದ ನೆರವು ಕೊಟ್ಟದ್ದು ಪತ್ರಿಕೆಗಳಲ್ಲಿ ಬಂದಿತ್ತು. ನನಗೆ ವಿಶೇಷವಾಗಿ ಹೇಳಬೇಕೆನಿಸುವುದು ಕೆಂಟಕಿ ರಾಜ್ಯದ ಬೆರಿಯಾ ಕಾಲೇಜಿನ ಬಗ್ಗೆ. 1855ರಲ್ಲಿ ಶುರುವಾದ ಈ ಕಾಲೇಜು ಯಾರಿಂದಲೂ ಬೋಧನಾ ಶುಲ್ಕ ತೆಗೆದುಕೊಳ್ಳುವುದಿಲ್ಲ. ಬಡ ಮನೆಯ ಮಕ್ಕಳಿಗೆಂದೇ ಇರುವ ಕಾಲೇಜು ಅದು. ಓದುವ ಪ್ರತಿಯೊಬ್ಬರೂ ವಾರಕ್ಕೆ ಕನಿಷ್ಠ ಹತ್ತು ತಾಸು ಕಾಲೇಜಿನಲ್ಲೇ ದುಡಿಯಬೇಕು: ಅಡುಗೆಮನೆ, ತೋಟ, ಲೈಬ್ರರಿ, ಮರಗೆಲಸ. ಪ್ರತಿವರ್ಷ ಕೆಲವೇ ವಿದೇಶಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತದೆ, ತೆಗೆದುಕೊಂಡವರ ಮೊದಲ ವರ್ಷದ ಖರ್ಚನ್ನು ಪೂರ್ತಿ ಹೊರುತ್ತದೆ. ಹೊಲದಲ್ಲಿ ದುಡಿದ ಮಕ್ಕಳಿಗೆ ಇಂಥ ಕಾಲೇಜು ಹೊಂದಿಕೊಳ್ಳುತ್ತದೆ ಎಂಬುದು ನನ್ನ ಎಣಿಕೆ.

ಹೆಸರಿನ ಹಿಂದೆ ಹೋಗಬೇಡಿ ಎನ್ನುವುದಕ್ಕೆ ನಮ್ಮ ಜಿಲ್ಲೆಯದೇ ಉದಾಹರಣೆ ಇದೆ. ಐಎಎಸ್ ಅಧಿಕಾರಿಯಾಗಿದ್ದ ಬಿ.ಎನ್. ಯುಗಂಧರ್ ಅನಂತಪುರ ಜಿಲ್ಲೆಯ ಬುಕ್ಕಾಪುರದವರು. ಅವರ ಮಗ ಸತ್ಯ ನಾದೆಲ್ಲ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿ, 1988ರಲ್ಲಿ ಎಂ.ಎಸ್.ಗೆ ಹೋದದ್ದು ಮಿಲ್ವಾಕಿಯಲ್ಲಿರುವ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ. ಯಾವ ಕನ್ಸಲ್ಟೆನ್ಸಿಯೂ ತನ್ನ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಸುವ ಹೆಸರಲ್ಲ ಅದು. ಅಲ್ಲಿ ಓದಿದವರು 2014ರಲ್ಲಿ ಮೈಕ್ರೋಸಾಫ್ಟ್‌ನ ಮುಖ್ಯಸ್ಥರಾದರು.

ಇನ್ನು ಕಾಗದಪತ್ರ. ಗಡಿಯ ಊರಿನವರಿಗೆ ನಿಜವಾದ ತಲೆನೋವು ಇಲ್ಲೇ ಶುರುವಾಗುವುದು, ಅದರಲ್ಲೂ ಹೆಸರಿನಿಂದ. ಟೆನ್ತ್ ಮೆಮೊದಲ್ಲಿ ಹುಡುಗನ ಹೆಸರು ‘ಕೆ. ಮಂಜುನಾಥ’ ಎಂದಿರುತ್ತದೆ. ಆಧಾರ್ ಮಾಡಿಸುವಾಗ ಇನಿಷಿಯಲ್ ಬಿಟ್ಟು ‘ಮಂಜುನಾಥ್’ ಎಂದು ಕೊನೆಯ ಅಕ್ಷರವನ್ನೇ ಮೊಟಕು ಮಾಡಿರುತ್ತಾರೆ. ಪಾವಗಡದಲ್ಲೋ ಚಳ್ಳಕೆರೆಯಲ್ಲೋ ಪಿಯುಸಿಗೆ ಸೇರಿದಾಗ ಅಪ್ಪನ ಹೆಸರು ಹಿಂದೆ ಸೇರಿಕೊಂಡಿರುತ್ತದೆ. ಮೂರು ಕಾಗದ, ಮೂರು ಮನುಷ್ಯರು! ಪಾಸ್‌ಪೋರ್ಟಿನಲ್ಲಿ ಸರ್‌ನೇಮ್, ಗಿವನ್ ನೇಮ್ ಎಂದು ಎರಡು ಜಾಗ ಇರುತ್ತವೆ. ಇನಿಷಿಯಲ್ ಬಿಡಿಸಿ ಬರೆಯುವುದೆಂದರೆ ಏನೆಂದು ತಿಳಿಯದೆ ಒಂದನ್ನು ಖಾಲಿ ಬಿಟ್ಟರೆ, ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ಎಫ್‌ಎನ್‌ಯು ಎಂಬ ಮೂರಕ್ಷರ ಬಂದು ಕೂರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂಬುದಕ್ಕೆ ಹಾಕುವ ಗುರುತು ಅದು. ಆಮೇಲೆ ಅಲ್ಲಿನ ಬ್ಯಾಂಕು, ಡ್ರೈವಿಂಗ್ ಲೈಸೆನ್ಸು, ಕಾಲೇಜಿನ ಗುರುತಿನ ಚೀಟಿ ಎಲ್ಲದರಲ್ಲೂ ನಿಮ್ಮ ಮಗ ಎಫ್‌ಎನ್‌ಯು ಆಗಿಯೇ ಉಳಿಯುತ್ತಾನೆ.

ಅದಕ್ಕೇ, ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಮುಂಚೆ ಟೆನ್ತ್ ಮೆಮೊ, ಆಧಾರ್, ಟಿ.ಸಿ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೆಮೊ ತಿದ್ದಿಸುವುದಕ್ಕೆ ಶಾಲೆಯಿಂದ ಬೋರ್ಡಿನವರೆಗೆ ಓಡಾಡಬೇಕಾಗುತ್ತದೆ. ಆಧಾರ್ ತಿದ್ದಿಸುವುದು ಸುಲಭ. ಆದ್ದರಿಂದ ಮೆಮೊದಲ್ಲಿರುವಂತೆಯೇ ಆಧಾರ್ ಸರಿಪಡಿಸಿ, ಇನಿಷಿಯಲ್ ಬಿಡಿಸಿದ ಮನೆಹೆಸರನ್ನು ಅಥವಾ ಅಪ್ಪನ ಹೆಸರನ್ನು ಸರ್‌ನೇಮ್ ಜಾಗದಲ್ಲಿ ತುಂಬಿಸಿ. ವಯಸ್ಕರಿಗೆ 36 ಪುಟದ ಪಾಸ್‌ಪೋರ್ಟಿನ ಶುಲ್ಕ 1,500 ರೂಪಾಯಿ. ಇಂಟರ್ ಮೊದಲ ವರ್ಷದಲ್ಲೇ ಈ ಕೆಲಸ ಮುಗಿದಿರಬೇಕು.

ಎರಡನೆಯ ತೊಡಕು ಒಂಬತ್ತನೆಯ ತರಗತಿಯ ಅಂಕ. ನಮ್ಮಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಅಮೆರಿಕದ ಕಾಲೇಜುಗಳು ಒಂಬತ್ತರಿಂದ ಹನ್ನೆರಡರವರೆಗಿನ ನಾಲ್ಕೂ ವರ್ಷದ ಅಂಕ ಕೇಳುತ್ತವೆ. ಸರ್ಕಾರಿ ಹೈಸ್ಕೂಲಿನ ಬೀರುವಿನಲ್ಲಿ ಆ ವರ್ಷದ ರಿಜಿಸ್ಟರ್ ಇರುತ್ತದೆ. ಹೆಡ್‌ಮಾಸ್ಟರರ ಹತ್ತಿರ ಹೋಗಿ, ವಿಷಯವಾರು ಅಂಕವನ್ನು ಶಾಲೆಯ ಲೆಟರ್‌ಹೆಡ್ಡಿನಲ್ಲಿ ಇಂಗ್ಲಿಷಿನಲ್ಲಿ ಬರೆಸಿ, ಸಹಿ, ಮೊಹರು ಹಾಕಿಸಿಕೊಳ್ಳಿ. ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದನ್ನೂ ಬರೆಸಿ. ಅದು ಕೀಳರಿಮೆಯಿಂದ ಮುಚ್ಚಿಡುವ ಸಂಗತಿಯಲ್ಲ. ಆಂಧ್ರದ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಟೆನ್ತ್ ಬರೆದು, ಇಂಟರ್ ಇಂಗ್ಲಿಷಿನಲ್ಲಿ ಓದಿ, ಕಚೇರಿ ಕೆಲಸ ತೆಲುಗಿನಲ್ಲಿ ಮುಗಿಸುವ ಮಕ್ಕಳು ಅರ್ಜಿ ಓದುವವರ ಕಣ್ಣಿಗೆ ಅಪರೂಪ. ಅರ್ಜಿಯಲ್ಲಿ ಬಲ್ಲ ಭಾಷೆಗಳನ್ನು ಕೇಳುವ ಕಡೆ ಮೂರನ್ನೂ ಬರೆಯಿರಿ.

ಅರ್ಜಿ ಹಾಕುವುದು ಬಹುತೇಕ ಕಾಮನ್ ಆ್ಯಪ್ ಎಂಬ ಒಂದೇ ಜಾಲತಾಣದಲ್ಲಿ. ಸಾವಿರಕ್ಕೂ ಹೆಚ್ಚು ಕಾಲೇಜುಗಳು ಅದರಲ್ಲಿವೆ. ಪ್ರತಿವರ್ಷ ಆಗಸ್ಟ್ 1ಕ್ಕೆ ಹೊಸ ಅರ್ಜಿ ತೆರೆಯುತ್ತದೆ. ಅಂಕಪಟ್ಟಿಯ ಜೊತೆಗೆ ಶಿಕ್ಷಕರ ಶಿಫಾರಸು ಪತ್ರ, 650 ಪದ ಮೀರದ ಒಂದು ಪ್ರಬಂಧ ಮತ್ತು ಓದಿನಾಚೆಯ ಚಟುವಟಿಕೆಗಳ ಪಟ್ಟಿ ಕೊಡಬೇಕು.

ನಮ್ಮ ಮಕ್ಕಳು ಕೈಚೆಲ್ಲುವುದು ಈ ಚಟುವಟಿಕೆ ಪಟ್ಟಿಯ ಮುಂದೆ. ಈಜು ಇಲ್ಲ, ಪಿಯಾನೊ ಇಲ್ಲ, ಡಿಬೇಟ್ ಕ್ಲಬ್ ಇಲ್ಲ, ಬರೆಯುವುದೇನು? ಆ ಪಟ್ಟಿಯ ಬಗೆಗಳಲ್ಲಿ ‘ಮನೆಯ ಜವಾಬ್ದಾರಿ’ ಎಂಬುದೊಂದು, ‘ಕೂಲಿ ಕೆಲಸ’ ಎಂಬುದೊಂದು ಇವೆ. ಹತ್ತು ಚಟುವಟಿಕೆಗಳವರೆಗೆ ಬರೆಯಬಹುದು. ಒಂದೊಂದರ ವಿವರಣೆಗೂ 150 ಅಕ್ಷರದ ಮಿತಿ. ವಾರಕ್ಕೆ ಎಷ್ಟು ತಾಸು, ವರ್ಷಕ್ಕೆ ಎಷ್ಟು ವಾರ ಎಂದು ಕೇಳುತ್ತಾರೆ. ಶಾಲೆ ಬಿಟ್ಟ ಮೇಲೆ ದಿನಕ್ಕೆ ಎರಡು ತಾಸು ಕುರಿ ಕಾಯುವ ಹುಡುಗಿ ವಾರಕ್ಕೆ 14 ತಾಸು ಎಂದು ಬರೆಯಬೇಕು. ಎಷ್ಟು ಕುರಿ, ರೋಗ ಬಂದಾಗ ಏನು ಮಾಡಿದಳು, ಮಾರಾಟದ ಲೆಕ್ಕವನ್ನು ಯಾರು ಇಡುತ್ತಾರೆ, ಇವೆಲ್ಲ ಆ 150 ಅಕ್ಷರದಲ್ಲಿ ಬರಬೇಕು. ಅಮ್ಮ ಉಪಾಧಿ ಹಾಮಿ (ಉದ್ಯೋಗ ಖಾತ್ರಿ) ಕೆಲಸಕ್ಕೆ ಹೋದಾಗ ತಮ್ಮನನ್ನು ನೋಡಿಕೊಂಡದ್ದು, ಶೇಂಗಾ ಕೀಳುವ ಕಾಲದ ಕೂಲಿ, ಊರ ಜಾತ್ರೆಯ ಕೋಲಾಟ ಎಲ್ಲವೂ ಅರ್ಜಿಯಲ್ಲಿ ಲೆಕ್ಕಕ್ಕೆ ಬರುತ್ತವೆ. ಇಲ್ಲದ ಕ್ಲಬ್ಬನ್ನು ಹುಟ್ಟಿಸುವುದಕ್ಕಿಂತ ಇರುವ ಕೆಲಸವನ್ನು ಲೆಕ್ಕದ ಸಮೇತ ಬರೆಯುವುದು ಎಷ್ಟೋ ಮೇಲು.

ಪ್ರಬಂಧಕ್ಕೂ ಇದೇ ಮಾತು. ಬಡತನದ ಗೋಳನ್ನು ತೋಡಿಕೊಳ್ಳಬೇಡಿ, ದೊಡ್ಡ ಆದರ್ಶದ ಭಾಷಣವೂ ಬೇಡ. ಗ್ರಾಮ ಸಚಿವಾಲಯದಿಂದ ಬರುವ ತೆಲುಗು ನೋಟಿಸನ್ನು ಕನ್ನಡ ಮಾತ್ರ ಬಲ್ಲ ಅಜ್ಜಿಗೆ ಓದಿ ಹೇಳುವ ಹುಡುಗನಿಗೆ ಬರೆಯುವುದಕ್ಕೆ ಅಷ್ಟು ಸಾಕು. ಯಾವ ನೋಟಿಸು, ಅಜ್ಜಿ ಏನು ಕೇಳಿದಳು, ತಾನು ಎಲ್ಲಿ ತಪ್ಪರ್ಥ ಮಾಡಿಕೊಂಡೆ, ಆಮೇಲೆ ಏನು ಕಲಿತೆ ಎಂದು ಬರೆದರೆ ಸಾವಿರ ಪ್ರಬಂಧ ಓದಿ ದಣಿದವರಿಗೂ ಒಬ್ಬ ಮನುಷ್ಯ ಕಾಣಿಸುತ್ತಾನೆ. ಕನ್ಸಲ್ಟೆನ್ಸಿಯವರಿಂದ ದುಡ್ಡು ಕೊಟ್ಟು ಬರೆಸಿದ ಪ್ರಬಂಧದಲ್ಲಿ ಆ ಮನುಷ್ಯ ಇರುವುದಿಲ್ಲ.

ಶಿಫಾರಸು ಪತ್ರವನ್ನು ಶಿಕ್ಷಕರೇ ಆನ್‌ಲೈನಿನಲ್ಲಿ ಸೇರಿಸಬೇಕು. ಅವರ ಇಮೇಲಿಗೆ ಲಿಂಕ್ ಬರುತ್ತದೆ. ಇಮೇಲ್ ಬಳಸುವ ರೂಢಿಯಿಲ್ಲದ ಮೇಷ್ಟ್ರಿಗೆ ಅಕ್ಟೋಬರಿನಲ್ಲಿ ಹೋಗಿ ನಾಳೆಯೇ ಬೇಕು ಎಂದರೆ ಆಗುವುದಿಲ್ಲ. ಬೇಸಿಗೆ ರಜೆ ಮುಗಿದ ಕೂಡಲೇ ಭೇಟಿಯಾಗಿ, ಇದೇನು ಎಂದು ಬಿಡಿಸಿ ಹೇಳಿ. ಅವರು ಕನ್ನಡದಲ್ಲೋ ತೆಲುಗಿನಲ್ಲೋ ಬರೆದರೆ ಇಂಗ್ಲಿಷ್ ಮೇಷ್ಟ್ರಿಂದ ಅನುವಾದ ಮಾಡಿಸಿ ಎರಡನ್ನೂ ಜೋಡಿಸಬಹುದು. ‘ಈತ ಒಳ್ಳೆಯ ಹುಡುಗ, ನಡತೆ ಉತ್ತಮ’ ಎಂಬ ನಡತೆ ಸರ್ಟಿಫಿಕೇಟಿನ ಮಾತು ಸಾಲದು. ತರಗತಿಯಲ್ಲಿ ನಡೆದ ಒಂದು ಘಟನೆ ಅದರಲ್ಲಿರಬೇಕು.

ಪರೀಕ್ಷೆಗಳು ಎರಡು. ಒಂದು ಸ್ಯಾಟ್, 1600 ಅಂಕಕ್ಕೆ. 2023ರಿಂದ ಅದು ವಿದೇಶಗಳಲ್ಲಿ ಕಂಪ್ಯೂಟರಿನಲ್ಲೇ ನಡೆಯುತ್ತಿದೆ. 2 ತಾಸು 14 ನಿಮಿಷದ ಪರೀಕ್ಷೆ, ಓದು-ಬರಹ ಒಂದು ಭಾಗ, ಗಣಿತ ಇನ್ನೊಂದು. ಇಂಟರ್ ಎಂಪಿಸಿ ಓದಿದವರಿಗೆ ಗಣಿತ ಕಷ್ಟವಾಗದು. ಬ್ಲೂಬುಕ್ ಆ್ಯಪಿನಲ್ಲಿ ಮಾದರಿ ಪರೀಕ್ಷೆಗಳು, ಖಾನ್ ಅಕಾಡೆಮಿಯಲ್ಲಿ ಪಾಠಗಳು ಬಿಟ್ಟಿಯಾಗಿ ಸಿಗುತ್ತವೆ. ಮೊಬೈಲಿನಲ್ಲಿ ಪರೀಕ್ಷೆ ಬರೆಯಲಾಗದು, ಲ್ಯಾಪ್‌ಟಾಪ್ ಅಥವಾ ಟ್ಯಾಬ್ ಹೊಂದಿಸಿಕೊಳ್ಳಬೇಕು. ಕೇಂದ್ರ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಸಿಗುವುದರಿಂದ ಮೂರು ತಿಂಗಳು ಮೊದಲೇ ಸೀಟು ಹಿಡಿದು, ಹಿಂದಿನ ದಿನವೇ ಅಲ್ಲಿಗೆ ತಲುಪಿರಿ. ಕೋವಿಡ್ ಕಾಲದಲ್ಲಿ ಸ್ಯಾಟ್ ಬೇಡವೆಂದಿದ್ದ ಹಾರ್ವರ್ಡ್, ಎಂಐಟಿ, ಡಾರ್ಟ್‌ಮತ್, ಬ್ರೌನ್ ಮತ್ತೆ ಪರೀಕ್ಷೆ ಕೇಳುತ್ತಿವೆ. ಎರಡನೆಯದು ಇಂಗ್ಲಿಷಿನದು: ಟೋಫೆಲ್, ಐಇಎಲ್‌ಟಿಎಸ್ ಅಥವಾ ಮನೆಯಲ್ಲೇ ಕೂತು ಬರೆಯಬಹುದಾದ, ಇವೆರಡಕ್ಕಿಂತ ಬಹಳ ಅಗ್ಗದ ಡ್ಯುಯೊಲಿಂಗೊ. ಮಾತಾಡುವ ಇಂಗ್ಲಿಷ್ ಹಿಡಿತಕ್ಕೆ ಬರಬೇಕಾದವರಿಗೆ ಅನಂತಪುರದಲ್ಲಿ ಆರ್‌ಡಿಟಿ (ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್) ಸಂಸ್ಥೆ ಶುರು ಮಾಡಿದ ವಿದೇಶಿ ಭಾಷೆಗಳ ಶಾಲೆಯನ್ನು ವಿಚಾರಿಸಬಹುದು.

ಹಣದ ನೆರವು ಬೇಕಾದವರು ಹಲವು ಕಾಲೇಜುಗಳಿಗೆ ಅರ್ಜಿಯ ಜೊತೆಗೇ ಸಿಎಸ್‌ಎಸ್ ಪ್ರೊಫೈಲ್ ಎಂಬ ಇನ್ನೊಂದು ನಮೂನೆ ತುಂಬಬೇಕು. ಮನೆಯವರೆಲ್ಲ ಒಟ್ಟಿಗೆ ಕೂತು ಮಾಡಬೇಕಾದ ಕೆಲಸ ಇದು. ಪಟ್ಟಾದಾರ್ ಪಾಸ್‌ಬುಕ್, ಅಡಂಗಲ್, 1ಬಿ, ಬ್ಯಾಂಕಿನ ಪಾಸ್‌ಬುಕ್, ತಹಶೀಲ್ದಾರರ ಆದಾಯ ಪ್ರಮಾಣಪತ್ರ, ಬಂಗಾರದ ಸಾಲದ ಚೀಟಿ ಎಲ್ಲವನ್ನೂ ಹರಡಿಕೊಳ್ಳಿ. ಲೆಕ್ಕವನ್ನು ರೂಪಾಯಿಯಲ್ಲೇ ಕೊಡಬಹುದು. ಆದಾಯ ತೆರಿಗೆ ರಿಟರ್ನ್ ಇಲ್ಲದವರು ಇಲ್ಲ ಎಂದೇ ಬರೆದು, ಪತ್ರ ಜೋಡಿಸಬೇಕು. ಮಳೆ ಬಂದ ವರ್ಷ ಇಷ್ಟು ಚೀಲ, ಮಳೆ ಕೈಕೊಟ್ಟ ವರ್ಷ ಬಿತ್ತನೆ ಬೀಜದ ಖರ್ಚೂ ಹುಟ್ಟಲಿಲ್ಲ ಎಂಬುದನ್ನು ವರ್ಷವಾರು ಬರೆದರೆ ಅಲ್ಲಿನವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಹತ್ತು ಎಕರೆ ಜಮೀನು ಎಂದು ಬರೆದು ಸುಮ್ಮನಾದರೆ ಅವರು ಜಮೀನ್ದಾರ ಎಂದುಕೊಂಡಾರು. ಬೋರಿಲ್ಲದ ಮಳೆಯಾಶ್ರಿತ ಕೆಂಪು ನೆಲ ಎಂಬುದನ್ನೂ ಸೇರಿಸಿ. ಅರ್ಜಿ ಶುಲ್ಕ ಕಾಲೇಜೊಂದಕ್ಕೆ 50ರಿಂದ 90 ಡಾಲರ್ ಇರುತ್ತದೆ. ಕೊಡಲಾಗದವರಿಗೆ ಕೇಳಿದರೆ ಮನ್ನಾ ಸಿಗುವುದು ಸಾಮಾನ್ಯ. ಸಂಕೋಚ ಬಿಟ್ಟು ಕೇಳಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿಯೇ ಹೇಳಬೇಕು. ಸುಳ್ಳು ಕಾಗದ ಯಾರು ಕೊಟ್ಟರೂ ಮುಟ್ಟಬೇಡಿ. 2011ರಲ್ಲಿ ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ವಿಶ್ವವಿದ್ಯಾಲಯ ಬಾಗಿಲು ಹಾಕಿದಾಗ ಅದರಲ್ಲಿ ಹೆಸರು ನೋಂದಾಯಿಸಿದ್ದವರಲ್ಲಿ ಬಹುಪಾಲು ಆಂಧ್ರದ ಮಕ್ಕಳು. ಕೆಲವರ ಕಾಲಿಗೆ ರೇಡಿಯೊ ಪಟ್ಟಿ ಕಟ್ಟಿದ ಚಿತ್ರ ಆಗ ಎಲ್ಲ ಪತ್ರಿಕೆಗಳಲ್ಲಿ ಬಂತು. 2019ರಲ್ಲಿ ಮಿಷಿಗನ್‌ನ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯವಂತೂ ಅಲ್ಲಿನ ವಲಸೆ ಇಲಾಖೆಯೇ ಬಲೆಯಾಗಿ ಹೂಡಿದ್ದ ಸುಳ್ಳು ಸಂಸ್ಥೆ. 129 ಭಾರತೀಯರು ಸಿಕ್ಕಿಬಿದ್ದರು. 2024ರಲ್ಲಿ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯಕ್ಕೆ ನಕಲಿ ಅಂಕಪಟ್ಟಿ, ಬದುಕಿದ್ದ ತಂದೆಯ ಮರಣಪತ್ರ ಕೊಟ್ಟು ಪೂರ್ತಿ ನೆರವು ಪಡೆದಿದ್ದ ಭಾರತೀಯ ಹುಡುಗನೊಬ್ಬ ಬಂಧನಕ್ಕೊಳಗಾಗಿ ಊರಿಗೆ ವಾಪಸಾದ. ಇಂಥ ಪ್ರತಿಯೊಂದು ಪ್ರಕರಣವೂ ಮುಂದಿನ ವರ್ಷ ನಿಜವಾಗಿಯೇ ಬಡವನಾದ ನಮ್ಮ ಹುಡುಗನ ಕಾಗದವನ್ನು ಅನುಮಾನದಿಂದ ನೋಡುವಂತೆ ಮಾಡುತ್ತದೆ. ಬಿಟ್ಟಿ ಸಲಹೆಗೆ ಅಮೆರಿಕ ಸರ್ಕಾರದ್ದೇ ಎಜುಕೇಷನ್ ಯುಎಸ್‌ಎ ಕೇಂದ್ರಗಳು ಹೈದರಾಬಾದ್, ಚೆನ್ನೈ, ಬೆಂಗಳೂರಿನಲ್ಲಿವೆ. ಕನ್ಸಲ್ಟೆನ್ಸಿಯ ಬಾಗಿಲು ತಟ್ಟುವ ಮೊದಲು ಅಲ್ಲಿಗೆ ಫೋನ್ ಮಾಡಿ.

ಸಾಲ ಮಾಡಿಯೇ ಹೋಗುತ್ತೇವೆ ಎನ್ನುವವರು ಬ್ಯಾಂಕಿನ ನಿಯಮ ತಿಳಿದಿರಬೇಕು. ಏಳೂವರೆ ಲಕ್ಷದವರೆಗೆ ಅಡಮಾನ ಕೇಳಬಾರದು, ಅದರ ಮೇಲೆ ಕೇಳುತ್ತಾರೆ. ಆಗ ನಮ್ಮವರು ಹೊಲದ ಪಾಸ್‌ಬುಕ್ ಹಿಡಿದುಕೊಂಡು ಹೋಗುತ್ತಾರೆ, ಮ್ಯಾನೇಜರು ತಲೆಯಾಡಿಸುತ್ತಾರೆ. ಸಾಲ ವಸೂಲಿಯ 2002ರ ಸರ್ಫೇಸಿ ಕಾಯಿದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ, ಹಾಗಾಗಿ ಬ್ಯಾಂಕಿಗೆ ಊರೊಳಗಿನ ಮನೆ ಅಥವಾ ನಿವೇಶನ ಬೇಕು. ಡಿ-ಪಟ್ಟಾ ಜಮೀನಂತೂ ಈ ಕೆಲಸಕ್ಕೆ ಒದಗುವುದೇ ಇಲ್ಲ. 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಭಾರತದೊಳಗಿನ ಸಂಸ್ಥೆಗಳಿಗೆ ಮಾತ್ರ. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಷಿಪ್ ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂಮಿಯಿಲ್ಲದ ಕೃಷಿ ಕೂಲಿಗಳ ಮಕ್ಕಳಿಗೆ ಇದೆ, ಆದರೆ ಸ್ನಾತಕೋತ್ತರ ಮತ್ತು ಪಿಎಚ್‌.ಡಿ.ಗೆ ಮಾತ್ರ. ವಿದೇಶದಲ್ಲಿ ಓದುವವರಿಗೆ ನೆರವು ಕೊಡುವ ಕರ್ನಾಟಕದ ಪ್ರಬುದ್ಧ ಯೋಜನೆ ಕರ್ನಾಟಕದ ನಿವಾಸಿಗಳಿಗೆ. ಮನೆಮಾತು ಕನ್ನಡವಾದರೂ ರೇಷನ್ ಕಾರ್ಡ್ ಆಂಧ್ರದ್ದಾದರೆ ಅದು ನಮ್ಮ ಪಾಲಿಗಿಲ್ಲ. ಇನ್ನೊಂದು ದಾರಿ ಕಮ್ಯುನಿಟಿ ಕಾಲೇಜು: ಎರಡು ವರ್ಷ ಕಡಿಮೆ ಫೀಸಿನಲ್ಲಿ ಓದಿ, ಆಮೇಲೆ ವಿಶ್ವವಿದ್ಯಾಲಯಕ್ಕೆ ವರ್ಗವಾಗುವುದು. ಅಗ್ಗ ಹೌದು, ಆದರೆ ವಿದೇಶಿಯರಿಗೆ ಅಲ್ಲಿ ನೆರವು ಸಿಗುವುದು ವಿರಳ. ಪಾರ್ಟ್ ಟೈಮ್ ದುಡಿದು ಫೀಸು ಕಟ್ಟುತ್ತೇನೆ ಎಂಬ ಮಾತನ್ನು ನಂಬಬೇಡಿ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ತರಗತಿ ನಡೆಯುವಾಗ ವಾರಕ್ಕೆ 20 ತಾಸು, ಅದೂ ಮೊದಲ ವರ್ಷ ಕ್ಯಾಂಪಸ್ಸಿನ ಒಳಗೆ ಮಾತ್ರ ದುಡಿಯಬಹುದು. ಅದು ಕೈಖರ್ಚಿಗೆ ಆದೀತು.

ದಿನಾಂಕಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಮುಂಚಿನ ಸುತ್ತಿನ ಅರ್ಜಿಗೆ ಕೊನೆ ನವೆಂಬರ್ 1 ಅಥವಾ 15, ಮಾಮೂಲಿ ಸುತ್ತಿಗೆ ಬಹುತೇಕ ಜನವರಿಯ ಮೊದಲ ದಿನಗಳು. ಇಂಟರ್ ಪ್ರಾಕ್ಟಿಕಲ್ ಶುರುವಾಗುವ ಮುಂಚೆ ಇದೆಲ್ಲ ಮುಗಿದಿರುತ್ತದೆ. ಫಲಿತಾಂಶ ಮಾರ್ಚ್ ಕೊನೆಗೆ. ಒಪ್ಪಿಗೆ ತಿಳಿಸುವುದಕ್ಕೆ ಮೇ 1ರವರೆಗೆ ಸಮಯ. ಒಪ್ಪಿದ ಮೇಲೆ ಕಾಲೇಜು ವೀಸಾಕ್ಕೆ ಬೇಕಾದ ಐ-20 ಎಂಬ ಪತ್ರ ಕಳಿಸುತ್ತದೆ. ವಿದೇಶಿ ವಿದ್ಯಾರ್ಥಿಗಳ ನೋಂದಣಿಗೆಂದು 350 ಡಾಲರ್ ಸೆವಿಸ್ ಶುಲ್ಕ, 185 ಡಾಲರ್ ವೀಸಾ ಶುಲ್ಕ ಕಟ್ಟಿ, ಡಿಎಸ್-160 ಎಂಬ ವೀಸಾ ಅರ್ಜಿ ತುಂಬಿ ಸಂದರ್ಶನದ ದಿನ ಹಿಡಿಯಬೇಕು. ಆಂಧ್ರದವರಿಗೆ ಹೈದರಾಬಾದಿನ ಕಾನ್ಸುಲೇಟ್. 2025ರ ಜೂನ್‌ನಿಂದ ಅರ್ಜಿದಾರರು ತಮ್ಮ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು. ಸಂದರ್ಶನ ನಡೆಯುವುದು ಕೆಲವೇ ನಿಮಿಷ: ಈ ಕಾಲೇಜೇ ಯಾಕೆ, ಖರ್ಚು ಯಾರದು, ಮನೆಯವರು ಏನು ಮಾಡುತ್ತಾರೆ. ಪೂರ್ತಿ ನೆರವಿನ ಪತ್ರ ಕೈಯಲ್ಲಿದ್ದರೆ ಅಪ್ಪ ರೈತ ಎಂದು ತಲೆಯೆತ್ತಿ ಹೇಳಬಹುದು.

ಇದರ ಜೊತೆಗೆ ಇಲ್ಲಿನ ಸೀಟನ್ನೂ ಕೈಬಿಡಬೇಡಿ. ಇಎಪಿಸೆಟ್ ಬರೆಯಿರಿ. ಕರ್ನಾಟಕದಲ್ಲಿ ಓದುವ ಆಸೆಯಿದ್ದರೆ ಕೆಸಿಇಟಿ ಅರ್ಜಿಯಲ್ಲಿ ಹೊರನಾಡು ಕನ್ನಡಿಗರಿಗೆ ಅವಕಾಶ ಇದೆ, ಅದಕ್ಕೆ ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ಪಾಸಾಗಬೇಕು. ಆ ಅರ್ಜಿ ಸಾಮಾನ್ಯವಾಗಿ ಜನವರಿ-ಫೆಬ್ರುವರಿಯಲ್ಲಿ, ಅಂದರೆ ಅಮೆರಿಕದ ಅರ್ಜಿ ಕಳಿಸಿ ಉತ್ತರಕ್ಕೆ ಕಾಯುತ್ತಿರುವ ದಿನಗಳಲ್ಲೇ, ಬರುತ್ತದೆ.